ನಲವತ್ತೆಂಟು ಅಂಕಿ

ಶನಿವಾರ ರಾತ್ರಿ. ಮಸೀದಿ ಬಂದರಿನಿಂದ ವಸಯಿವರೆಗೆ
ನಮ್ಮ ಬ್ಯಾಂಕಿನ ಇನ್ನೂರ ಹನ್ನೊಂದು ಕಂಪ್ಯೂಟರುಗಳು
ಒಂದೊಂದಾಗಿ ಕಣ್ಣು ಮುಚ್ಚಿ ತೆರೆಯುತ್ತಿವೆ.
ಕೆಳಗಿನ ಗೋದಾಮಿನಿಂದ ಜೀರಿಗೆಯ ಘಾಟು,
ಮೇಲೆ ನಾನು, ತಣ್ಣಗಾದ ವಡಾಪಾವ್.

ಸಾಲ ವಿಭಾಗದ ಸಾವರ್ಡೇಕರ್ ಮೇಡಂ
ಎಂಬತ್ತಾರು ದಿನ ಅಪ್‌ಡೇಟನ್ನು ಹೊಸ್ತಿಲಲ್ಲೇ ನಿಲ್ಲಿಸಿದ್ದರು.
ದಿನಾ ಅದು ಕದ ತಟ್ಟುವುದು,
ದಿನಾ ಅವರು ಒತ್ತುವುದು: ನಾಳೆ.
ತುಮಕೂರಿನಲ್ಲಿ ಚಿಕ್ಕಮ್ಮ ಬಾಗಿಲ ಮೇಲೆ
ಸೀಮೆಸುಣ್ಣದಲ್ಲಿ ಬರೆದದ್ದೂ ಅದೇ, ನಾಳೆ ಬಾ.
ಪಾಪ, ಆ ದೆವ್ವಕ್ಕೆ ಓದು ಬರುತ್ತಿತ್ತು.
ಈಗಿನವು ಓದುವುದಿಲ್ಲ; ಕಿಟಕಿ ಹುಡುಕುತ್ತವೆ.

ಒಂದೂಕಾಲಿಗೆ ವಸಯಿಯ ಯಂತ್ರ ಪಟ್ಟು ಹಿಡಿಯಿತು:
ಬೀಗದ ಸಂಖ್ಯೆ ಹೇಳು, ಇಲ್ಲವೇ ಒಂದಕ್ಷರವೂ ಬಿಚ್ಚೆ.
ಅಲ್ಲಿದ್ದವನು ಕಾವಲಿನ ರಾಮ್‌ಸೂರತ್ ಒಬ್ಬನೇ.
ಫೋನಿನಲ್ಲಿ ಓದಿದೆ, ನಲವತ್ತೆಂಟು ಅಂಕಿ,
ಆರಾರರ ಕಂತಿನಲ್ಲಿ.
ಒಂದೊಂದನ್ನೂ ತಿರುಗಿ ಹೇಳಿದ,
ಮಗ್ಗಿ ಒಪ್ಪಿಸುವ ಹುಡುಗನಂತೆ,
ಒಂದೇ ಬೆರಳಲ್ಲಿ ಒತ್ತುತ್ತ, ನಡುವೆ ಕೆಮ್ಮುತ್ತ.
ಏಳನೇ ಕಂತಿನಲ್ಲಿ ತಪ್ಪಿದವಳು ನಾನು.
"ಮೇಡಂ, ಐದೇ ಬಂತು," ಅಂದ.

ಆಮೇಲೆ, "ಬ್ಯಾಂಕಿನ ಗುರುತು ಬಂತು, ಬಂತು!"
ತಿಜೋರಿಯನ್ನೇ ತಾನು ತೆರೆದಂಥ ಹಿಗ್ಗು.

ನಿಯಮ ಬರೆದವಳು ನಾನೇ:
ಬಾಯಿಗೆ ಬಂದ ಕೀಲಿ ಆ ಕ್ಷಣವೇ ಸಾಯಬೇಕು,
ಕೇಳಿಸಿಕೊಂಡವನು ಯಾರೇ ಆಗಿರಲಿ.
ಹೊಸ ಕೀಲಿಯ ಗುಂಡಿಯ ಮೇಲೆ ಬೆರಳಿಟ್ಟೆ.
ಅವನಿನ್ನೂ ಫೋನಿನಲ್ಲಿದ್ದ.
"ಎಲ್ಲ ಸರಿಯಾಯಿತಲ್ಲ?"

ಆಯಿತು, ಚಹಾ ಕುಡಿಯಿರಿ, ಅಂದೆ.
ಅವನು ಫೋನ್ ಇಡುವವರೆಗೆ ಕಾದೆ,
ಗುಂಡಿಯ ಸದ್ದು ಅಲ್ಲಿಯವರೆಗೆ ಕೇಳುತ್ತದೇನೋ ಎಂಬಂತೆ.
ಒತ್ತಿದೆ.