ತಂದ ಹತ್ತು

ಶನಿವಾರ ಮುಂಜಾನಿ ಸಾಲಿ.
ಹನ್ನೊಂದೂವರೆಯ ಗಂಟೆ ಬಾರಿಸುವುದರೊಳಗೆ
ಮೂವತ್ತೊಂದು ಚೀಟಿ ಬರೆಯಬೇಕು ನಾನು,
ಮೂವತ್ತೊಂದು ಮನೆಗಳಿಗೆ.

ರೇಷ್ಮಾ ಒತ್ತಕ್ಷರ ಓದುತ್ತಾಳೆ,
‘ಕಪ್ಪೆ’ ಬಂದಾಗ ಮಾತ್ರ ನಗು ತಡೆಯಲಾರಳು.
ಲಾಲು ಏಳರ ಮಗ್ಗಿಯಲ್ಲಿ ನಿಂತಿದ್ದಾನೆ,
ತಳ್ಳಬೇಡಿ, ತಾನೇ ದಾಟುತ್ತಾನೆ.
ಸೋಮವಾರ ಮೊಳಕೆಯ ಪಾಠ, ಒಂದು ಹಿಡಿ ತೊಗರಿ ಕಳಿಸಿರಿ,
ಬೇಳೆ ಅಲ್ಲ, ಇಡಿಕಾಳು
(ಹೋದ ವರ್ಷ ಒಂಬತ್ತು ಮಂದಿ ಬೇಳೆ ತಂದರು,
ಒದ್ದೆ ಹತ್ತಿಯ ಮೇಲೆ ಅದು ಮೊಳೆಯಲಿಲ್ಲ, ನಾರಿತು).

ಸಾಬಣ್ಣನ ಚೀಟಿಯಲ್ಲಿ ಮೂರು ವಾರದಿಂದ ಅದೇ ಸಾಲು:
ಕಳೆಯುವ ಲೆಕ್ಕ ತಪ್ಪುತ್ತಾನೆ. ಮನೆಯಲ್ಲಿ ಗಮನಿಸಿರಿ.

ಗಮನಿಸಬೇಕಾದ ಮನೆ ಶಹಾಬಾದಿನ ಆಚೆ,
ಫರಸಿ ಕೊಯ್ಯುವ ಯಂತ್ರದ ಹಿಂದೆ,
ಕಲ್ಲು ತೊಳೆದ ನೀರು ಹಾಲಿನಂತೆ ಹರಿಯುವಲ್ಲಿ.
ಹೆಡ್ ಮಾಸ್ತರರ ವಹಿಯಲ್ಲಿ ಒಂದು ಅಂಕಣವಿದೆ,
‘ಪಾಲಕರಿಗೆ ತಿಳಿಸಲಾಗಿದೆ’.
ಪ್ರತಿ ವಾರ ಅಲ್ಲೊಂದು ಸರಿ ಗುರುತು ಹಾಕಿ
ನಾನು ಬಸ್ಸು ಹತ್ತುತ್ತಿದ್ದೆ.

ನಾಲ್ಕನೆಯ ವಾರ ಮರಗಮ್ಮ ಬಂದಳು.
ರೆಪ್ಪೆಯ ಮೇಲೂ ಕಲ್ಲಿನ ಹಿಟ್ಟು.
ಹೊಸ್ತಿಲ ಹೊರಗೇ ನಿಂತು
ಸೆರಗಿನ ಗಂಟಿನಿಂದ ಮೂರು ಚೀಟಿ ಬಿಚ್ಚಿದಳು.

‘ಏನ್ ಬರ್ದೀರಿ ಅಕ್ಕೋರೇ, ನೀವೇ ಓದ್ರಿ.
ಇವ ಮೂರು ಸಲಾನೂ “ಸಾಬಣ್ಣ ಭಾಳ ಶಾಣ್ಯಾ ಆಗ್ಯಾನ” ಅಂತ ಓದ್ಯಾನ.
ಖರೆ, ಓದೂ ಮುಂದ ಕಾಗದ ನೋಡಲ್ಲ, ತಗಡು ನೋಡ್ತಾನ.
ನನಗ ಅಕ್ಷರ ಬರಂಗಿಲ್ಲ,
ಮಗನ ಮಾರಿ ಓದ್ಲಿಕ್ಕಿ ಬರ್ತದ.’

ಓದಿದೆ. ನನ್ನದೇ ಕೈಬರಹ
ನನ್ನ ಬಾಯಲ್ಲಿ ಒರಟಾಗಿತ್ತು.
ಸಾಬಣ್ಣ ಕಂಬದ ಹಿಂದೆ ಅರ್ಧ ನಿಂತಿದ್ದ.

‘ಯಾವ ಲೆಕ್ಕ, ತೋರ್ಸ್ರಿ’ ಅಂದಳು.
ನೆಲದ ಫರಸಿಯ ಮೇಲೇ ಸುಣ್ಣದಕಡ್ಡಿಯಿಂದ ಬರೆದೆ,
ನಲವತ್ತೆರಡರಲ್ಲಿ ಹದಿನೇಳು ಹೋದರೆ.
ಅವಳು ಕೂತಳು, ಬರೆದದ್ದನ್ನಲ್ಲ, ಕಲ್ಲನ್ನು ಸವರಿದಳು,
‘ಇದು ನಮ್ಮ ಖಣಿದೇ’ ಎಂದು ತನಗೇ ಹೇಳಿಕೊಂಡಳು.
ಆಮೇಲೆ, ಕೇಳಿದ್ದು ನೆನಪಾದಂತೆ, ‘ಇಪ್ಪತ್ತೈದು.’

ಸಾಬಣ್ಣನ ಉತ್ತರ ಮೂವತ್ತೈದು.
ಯಾವಾಗಲೂ ಒಂದು ಹತ್ತು ಹೆಚ್ಚು.

‘ಎರಡರಲ್ಲಿ ಏಳು ಹೋಗೂದಿಲ್ಲ,’ ಅವ ಕಂಬಕ್ಕೆ ಹೇಳಿದ,
‘ಬಾಜೂ ಮನಿಯಿಂದ ಒಂದು ಹತ್ತು ಕಡ ತಂದೆ.
ಹನ್ನೆರಡರಾಗ ಏಳು ಹೋತು, ಐದು ಉಳೀತು.
ಕೆಲಸ ಮುಗೀತಲ್ಲ,
ತಂದಿದ್ದು ಅವರಿಗಿ ಕೊಟ್ಟೆ.’

ವರಾಂಡದಲ್ಲಿ ಯಾರೋ ನೀರಿನ ಚರಿಗೆ ಉರುಳಿಸಿದರು.
ದೂರ ವಾಡಿಯ ಕಡೆಗೆ ಗೂಡ್ಸ್ ಗಾಡಿ ಹೋಗುತ್ತಲೇ ಇತ್ತು.

ಮರಗಮ್ಮ ನನ್ನ ಮುಖ ನೋಡಿದಳು, ಮಗನದಲ್ಲ.
‘ನಾನೇ ಹೇಳೀನ್ರಿ ಅವನಿಗಿ.
ಮೊನ್ನಿ ರೇಷ್ಮಾನ ಮನಿಂದ ಎರಡು ಬಟ್ಟಲ ಜ್ವಾಳದ ಹಿಟ್ಟು ತಂದಿದ್ದೆ.
ಪಗಾರ ಬಂದ ರಾತ್ರೀನೇ ಇವನ ಕೈಲಿ ವಾಪಸ್ ಕಳಿಸೀನಿ,
ಮ್ಯಾಲ ಒಂದು ಹಿಡಿ ಹೆಚ್ಚಿಗಿ ಹಾಕಿ.
ನಿಮ್ಮ ಲೆಕ್ಕದಾಗ
ಆ ಹತ್ತರ ಮನಿಗಿ ಯಾವಾಗ ಕೊಡ್ತೀರಿ?’

ಹನ್ನೊಂದು ವರ್ಷ ಕಲಿಸಿದ್ದೇನೆ,
‘ಕಡ ತಗೋ, ಕಡ ತಗೋ’ ಎಂದು ಹಲಗೆ ಬಡಿದಿದ್ದೇನೆ.

ಆ ದಿನ ಬಸ್ಸು ತಪ್ಪಿತು.
ಬೆಂಕಿಕಡ್ಡಿಯ ಹತ್ತರ ಕಟ್ಟುಗಳನ್ನು ಬಿಚ್ಚಿ ಚೆಲ್ಲಿ
ಮೂವರೂ ನೆಲದ ಮೇಲೆ ಕೂತೆವು.
ಕಡ ಅಲ್ಲ, ಚಿಲ್ಲರೆ ಎಂದೆ. ಹತ್ತರ ನೋಟು ಮುರಿಸಿದ ಹಾಗೆ,
ರೊಕ್ಕ ನಿಂದೇ, ಕಿಸೆಯೂ ನಿಂದೇ.
ಸಾಬಣ್ಣ ಒಪ್ಪಿದ, ಪೂರ್ತಿ ಅಲ್ಲ.
ಇಪ್ಪತ್ತೈದು ಬರೆದು, ತಪ್ಪು ಮಾಡಿದವನಂತೆ
ಅವ್ವನ ಕಡೆ ನೋಡಿದ.

ಈ ಶನಿವಾರ ಚೀಟಿ ಸಣ್ಣದು ಮಾಡಿದ್ದೇನೆ,
ಕೆಳಗೆ ಅರ್ಧ ಹಾಳೆ ಖಾಲಿ.
ವಹಿಯಲ್ಲಿ ‘ಪಾಲಕರಿಗೆ ತಿಳಿಸಲಾಗಿದೆ’ ಪಕ್ಕದಲ್ಲಿ
ಗೆರೆ ಎಳೆದು ಇನ್ನೊಂದು ಅಂಕಣ ಮಾಡಿದೆ.
ಹೆಡ್ ಮಾಸ್ತರರು ಕೇಳುತ್ತಿದ್ದಾರೆ, ಇದಕ್ಕೆ ಹೆಸರೇನು.
ಇನ್ನೂ ಬರೆದಿಲ್ಲ.