ಐವತ್ತು ಸೀಟು

ರಾಯಚೂರಿನ್ಯಾಗ ನಿಂತು
ಮೈ ಉರೀತದ ಅಂದ್ರ ಯಾರು ನಂಬ್ತಾರ?
"ಊರಿಗೆ ಊರೇ ಉರೀತದ ಬಿಡಕ್ಕ" ಅಂತಾನ ಖಾಜಾಸಾಬ,
ಸ್ಟೇರಿಂಗಿಗೆ ಹಸಿ ಟವೆಲ್ಲು ಸುತ್ತಿಕೊಂತ.
ನಾನೂ ನಕ್ಕೆ.
ಆದ್ರ ಡಿಸೆಂಬರಿನ ಫಸ್ಟ್ ಟ್ರಿಪ್ಪಿನಾಗ,
ಮಂದಿ ಕಿವಿಗೆ ಮಫ್ಲರ್ ಬಿಗಿದು ಕುಂತಾಗ,
ಕಲ್ಮಲಾ ದಾಟೋದರೊಳಗ
ನನ್ನ ಕುಪ್ಪಸ ಒಂದೇ ಹಿಂಡೋ ಹಂಗ ಹಸಿ.
ಅದು ಊರಿನ ಬಿಸಲಲ್ಲ.

ಮುಟ್ಟು ನಿಂತು ಹದಿನಾಕು ತಿಂಗಳು.
ಎದಿಯಿಂದ ಎದ್ದು ಕುತ್ತಿಗಿ, ಕಿವಿ, ನೆತ್ತಿ,
ಯಾರೋ ಒಳಗ ಕುಂತು ಒಲಿ ಊದಿದಂಗ.
ಮಷೀನಿನ ಮ್ಯಾಲ ಬೆವರು ಬಿದ್ದು
ಸಿರವಾರ ಒತ್ತಿದ್ರ ಕವಿತಾಳ ಬರ್ತಿತ್ತು.
ರಾತ್ರಿ ನಿದ್ದಿ ಇಲ್ಲ. ಐದಕ್ಕ ಡ್ಯೂಟಿ.

ಡಾಕ್ಟರ್ ಸುಫಿಯಾ ಅಂದ್ರು: ಹಾರ್ಮೋನ್ ಗುಳಿಗಿ ಅದ,
ಬೆಂಕಿ ಆರ್ತದ, ನಿದ್ದಿ ಬರ್ತದ.
ಆಮ್ಯಾಲ ಪೆನ್ನು ಕೆಳಗಿಟ್ಟು,
"ಐದು ವರ್ಷ ನುಂಗಿದ್ರ
ಐವತ್ತು ಮಂದಿ ಹೆಣ್ಮಕ್ಕಳೊಳಗ
ಒಬ್ಬಾಕಿಗೆ ಹೆಚ್ಚಿಗೆ ಬರ್ತದ, ಎದಿ ಕ್ಯಾನ್ಸರು.
ಗುಳಿಗಿ ನುಂಗದವರಿಗೂ ಬರ್ತದ, ಅದು ಬ್ಯಾರೆ ಲೆಕ್ಕ.
ನಿಮ್ಮ ಮನ್ಯಾಗ ಯಾರಿಗಾದ್ರೂ ಇತ್ತೇನು?"

ಸಣ್ಣವ್ವ ಹುಲಿಗೆಮ್ಮ.
ಆ ಜಡ್ಡಿಗೆ ಹೆಸರು ಇಡಲಿಲ್ಲ ಯಾರೂ.
ಗಂಟು ಅಂದ್ರು, ದಿಷ್ಟಿ ಅಂದ್ರು,
ಹತ್ತಿ ಬಿಡಿಸೋ ಬೆರಳಿಂದ
ಬಾವಿನ ಸುತ್ತ ಸುಣ್ಣ ಹಚ್ಚಿಕೊಂತಿದ್ದಳು.
ಕಡೀಕ ಎಡಗಡೆ ಹಳೀ ಸೀರಿ ತುಂಡು ತುರುಕಿ
ನನ್ನ ಮದಿವಿಗೆ ಬಂದು ಹಾಡಿದಳು,
ಎಲ್ಲಾರಿಗಿಂತ ಜೋರು.
ಇಷ್ಟೂ ಹೇಳಿದೆ. ಡಾಕ್ಟರು ಒಂದೇ ಸಾಲು ಬರಕೊಂಡ್ರು.
"ಮೊದಲು ಎದಿ ಫೋಟೋ ತೆಗಸು. ಆಮ್ಯಾಲ ಕೂತು ಮಾತಾಡೋಣ."

ನನಗ ಲೆಕ್ಕ ಹೇಳಿಕೊಡೋದು ಬ್ಯಾಡ.
ಐವತ್ತು ಅಂದ್ರ ನನ್ನ ಗಾಡಿ.
ಮರುದಿನ ತುಂಬ ಹೆಣ್ಮಕ್ಕಳೇ.
ಸೊನ್ನಿ ಟಿಕೇಟು ಹರಕೊಂತ
ಒಂದೊಂದು ಮಾರಿ ನೋಡಿದೆ.
ಬಳಿ ಬುಟ್ಟಿ ತೊಡಿ ಮ್ಯಾಲ ಇಟಗೊಂಡಾಕಿ?
ಪುಸ್ತಕದ ಮ್ಯಾಲೆ ತೂಕಡಿಸೋ ಬಿ.ಎಡ್. ಹುಡುಗಿ?
ಮೆಣಸಿನಕಾಯಿ ಚೀಲದ ಮ್ಯಾಲ ಕಾಲಿಟ್ಟು
ಮಗಳ ಜೋಡಿ ಜಗಳಾಡಾಕಿ?
ಯಾರವ್ವ ನಿಮ್ಮೊಳಗ ಆ ಒಬ್ಬಾಕಿ?
ನಲವತ್ತೊಂಬತ್ತು ಎಣಿಸಿದೆ.
ಐವತ್ತನೇದು, ಬಾಗಲ ಹತ್ರದ್ದು,
ನಂದು.

ಫೋಟೋದಾಗ ಏನೂ ಇರಲಿಲ್ಲ.
ಬ್ಯಾಡಂದ್ರೂ ಆದೀತು ಅಂದ್ರು ಡಾಕ್ಟರು,
ಬ್ಯಾರೆ ಗುಳಿಗಿನೂ ಅವ ಅಂದ್ರು.
ಭಾಳ ಹೊತ್ತು ಸುಮ್ಮನ ಕುಂತೆ. ಆರು ತಿಂಗಳಿಗೆ ಬರಸಿಕೊಂಡೆ.
ಹೆಂಗಸರಿಗೆ ಈಗ ಎಲ್ಲಾ ಫ್ರೀ ಅಂತಾರಲ್ಲ ಗಂಡಸರು,
ಇದಕ್ಕ ನಾ ಟಿಕೇಟು ತಗೊಂಡೀನಿ.
ಎಲ್ಲಿತನಕ ಅಂತ ಅದರಾಗ ಬರದಿಲ್ಲ.

ಮಾಳಿಗಿ ಮ್ಯಾಲ ಹಾಸಿಗಿ. ಸೆಕಿ, ಊರಿಂದು.
ಬ್ಯಾಗಿನ ತಳದಾಗ ಚಿಲ್ಲರೆ ಹುಡುಕೋ ಬೆರಳು
ಕುಪ್ಪಸದೊಳಗ ಹಾಕಿ ಸಾವಕಾಶ ತಿರುವಿದೆ.
ಸಿಗಲಿಲ್ಲ. ಇವತ್ತು ಸಿಗಲಿಲ್ಲ.
ನಿದ್ದಿ ಬಂತು.
ಸಣ್ಣವ್ವ ಕವಿತಾಳದಾಗ ಹತ್ತಿದಳು,
ಸೀಟು ಖಾಲಿ ಇದ್ರೂ ಕೂಡಲಿಲ್ಲ,
ರಾಡು ಹಿಡದು ನಿಂತು
ಹಾಡಿಕೊಂತ ಬಂದಳು.