ನಾಲ್ಕನೇ ಖೋಲಿ

ಭಾಗ್ಯನಗರದಾಗ ನಾಲ್ಕು ಖೋಲಿ ನನ್ನವು,
ಒಂದೇ ಸಾಲು, ಒಂದೇ ಮೋಟರು, ಒಂದೇ ಗಟಾರು.
ಮಂದಿ ಅಂತಾರ: ತುಳಜಕ್ಕಗೇನ್ ಬಿಡ್ರಿ,
ಕುಂತಲ್ಲೇ ರೊಕ್ಕ ಹುಟ್ತೈತಿ.

ಹುಟ್ಟೂದು ಖರೆ. ಹುಟ್ಟಿದ್ದು ಹಾಲೂ ಕೇಳ್ತೈತಿ:
ಪಂಚಾಯ್ತಿ ಕರ, ಮೋಟರಿನ ಕರೆಂಟು,
ದೀಪಾವಳಿಗೊಮ್ಮೆ ಸುಣ್ಣ, ಸಂಘದ ಕಂತು.
ಯಾರ ಖೋಲಿ ತುಂಬೈತಿ, ಯಾವುದು ಖಾಲಿ ಅಂತ
ಹತ್ತನೇ ತಾರೀಖಿನ ಆ ಕಂತು
ಎಂದೂ ಕೇಳಿಲ್ಲ.

ಒಂದನೇದ್ರಾಗ ಯಮನೂರವ್ವ. ಕೂದಲ ಫ್ಯಾಕ್ಟರಿಗೆ ಹೋಗ್ತಾಳ,
ಉಳಿದ ಗಂಟು ಮನಿಗೆ ತಂದು ಬಿಡಿಸ್ತಾಳ.
ಆಷಾಢದಾಗ ಗಟಾರು ಕಟ್ಟಿತು.
ಪರಸಪ್ಪ ಗಳ ಹಾಕಿ ಎಳದ,
ಮಾರುದ್ದ ಮಾರುದ್ದ ಕೂದಲು ಬಂತು.
ಯಾವ ಊರಿನ ಯಾರ ಹರಕಿಯೋ,
ತೀರಿಸಿದಾಕಿ ನಾನು: ನಾಕ್ನೂರು ರೂಪಾಯಿ.
ಬಚ್ಚಲ ತೂತಿಗೆ ಜಾಳಗಿ ಹಾಕವಾ ಅಂದೆ, ಹಾಕ್ಯಾಳ.
ಅಕಿ ಬಾಡಿಗಿ ಮಾತ್ರ ಐದನೇ ತಾರೀಖು ಮುಂಜಾನಿ ಬರ್ತೈತಿ,
ನೋಟಿಗೂ ಎಣ್ಣಿ ವಾಸನಿ.

ಎರಡನೇದ್ರಾಗ ಗಿಣಿಗೇರಿ ಕಾರ್ಖಾನಿ ಹುಡುಗರು, ಒಡಿಶಾ ಕಡಿಯವರು.
ಇಬ್ಬರು ಅಂತ ಹೇಳಿ ಬಂದ್ರು, ಚಪ್ಪಲಿ ಐದು ಜೋಡಿ.
ಎಣಿಸಿದೆ. ಸುಮ್ಮನಾದೆ.
ಪಾಳಿ ಬ್ಯಾರೆ ಬ್ಯಾರೆ, ಹಾಸಿಗಿ ಆರೂದೇ ಇಲ್ಲ.
ನೀರಿಗೆ ತಲಿಗೈವತ್ತು ಹೆಚ್ಚಿಗಿ ಅಂದೆ,
ಸೈ ಅಂದ್ರು.

ಮೂರನೇದ್ರಾಗ ಕಂಪೌಂಡರ್ ಗವಿಸಿದ್ದಪ್ಪ.
ಎರಡು ತಿಂಗಳಿಂದ "ನಾಳಿ".

ನಾಲ್ಕನೇದ್ರಾಗ ಯಾರೂ ನಿಲ್ಲೂದಿಲ್ಲ.
ಬರ್ತಾರ, ಎರಡು ತಿಂಗಳು, ಮೂರು ತಿಂಗಳು,
ಅಡ್ವಾನ್ಸ್ ಕೇಳಿ ಹೋಗ್ತಾರ.
ಯಾಕಂದ್ರ, "ಏನಿಲ್ರೀ ಅಕ್ಕಾರ, ಊರಾಗ ಕೆಲಸೈತಿ."
ಬಿಡೂ ಮನುಷ್ಯಾ ಖರೆ ಕಾರಣ ಹೇಳೂದಿಲ್ಲ,
ಅವಗ ಅಡ್ವಾನ್ಸ್ ಬೇಕು.

ಮೈದುನ ಫೋನಿನ್ಯಾಗ ಲೆಕ್ಕ ಒತ್ತಿದ:
"ಉಳಿದ ಮೂರಕ್ಕ ಐನೂರೈನೂರು ಏರ್ಸು, ವೈನಿ."
ನಾನು ಬೆರಳ ಗೆಣ್ಣಿನ ಮ್ಯಾಲೆ ಎಣಿಸಿದೆ:
ಏರಿಸಿದ್ರ ಬರೂದು ಹದಿನೈದು ನೂರು,
ಒಬ್ಬರು ಎದ್ರ ಹೋಗೂದು ಮೂರು ಸಾವಿರ,
ಮ್ಯಾಲೆ ಸುಣ್ಣ, ಮ್ಯಾಲೆ ದಲಾಲಿ, ಅದರ ಮ್ಯಾಲೆ
ಮುಚ್ಚಿದ ಬಾಗಲದ ಮಾರಿ ನೋಡಕೋಂತ ಕುಂದ್ರೂದು.
ಬ್ಯಾಡ ಅಂದೆ.

ಆವತ್ತ ರಾತ್ರಿ ಚಾಪಿ, ತಂಬಿಗಿ, ಅಡಕೊತ್ತು ತಗೊಂಡು
ನನ್ನ ಖೋಲಿಗೆ ನಾನೇ ಬಾಡಿಗಿಗೆ ಹೋದೆ.
ಸೆಕಿ. ಗ್ವಾಡಿ ಆಚಿ ಕಡಿ ಮೋಟರಿನ ಗುರುಗುರು.
ಇಷ್ಟೇ ಅಲ್ಲ, ಇನ್ನೇನೋ ಐತಿ ಅಂತ ಕುಂತೆ.
ಕತ್ತರಸೂ ಮುಂದ ಒಂದು ಅಡಕಿ ಜಾರಿ ಬಿತ್ತು.
ನಿಲ್ಲಲಿಲ್ಲ. ಉಳ್ಳಿಕೋಂತ ಉಳ್ಳಿಕೋಂತ
ಮೂಡಣ ಮೂಲಿಗೆ ಹೋಗಿ ಕುಂತಿತು,
ತನ್ನ ಜಾಗಾ ಗೊತ್ತಿದ್ದಂಗ.

ಅಲ್ಲೇ ಇತ್ತು, ಅವರ ಮಗ್ಗದ ಕುಣಿ.
ಮೂವತ್ತು ವರ್ಷ ಕಾಲು ಇಳಿಬಿಟ್ಟು ಕುಂತ ಜಾಗಾ.
ಮಗ್ಗ ಮಾರಿ ಖೋಲಿ ಕಟ್ಟೂ ಮುಂದ ಮೇಸ್ತ್ರಿ ಅಂದಿದ್ದ:
"ಮೂರು ಟ್ರ್ಯಾಕ್ಟರ್ ಮರಂ ಬೇಕ್ರಿ,
ನೀರು ಹೊಡದು ದಮ್ಮಸ್ ಮಾಡಬೇಕು."
ನಾನು ಒಲಿ ಬೂದಿ, ಒಡದ ಹಂಚು, ಹರಕು ಹಚ್ಚಡ ತುಂಬಿ
ಮ್ಯಾಲೆ ಫರಸಿ ಹಾಸಿಸಿದ್ದೆ.
ಉಳಿಸಿದ್ದು ಎರಡು ಸಾವಿರದ ಏಳುನೂರು.
ಆವತ್ತ ಭಾಳ ಶಾಣ್ಯಾಕಿ ಅನಿಸಿತ್ತು.

ಹನ್ನೊಂದು ತಿಂಗಳ ಬಾಡಿಗಿ
ಆ ಕುಣ್ಯಾಗ ಬಿದ್ದೈತಿ.

ಫರಸಿ ಎಬ್ಬಿಸಿದ್ರ ಬೂದಿ ಗೇಣು ಇಳದಿತ್ತು, ಹಚ್ಚಡಕ್ಕ ಗೆದ್ದಲ.
ಮೋಟರಿನ ಕೆಳಗ ಹಳೇ ಟೈರು ತುರುಕಿಸಿದೆ.
ಪುಸ್ತಕದಾಗ ಬರದೆ:
ಮರಂ, ಮೂರು ಟ್ರ್ಯಾಕ್ಟರ್. ಈಗಿನ ದರ.

ಮೊನ್ನೆ ಬಡಿಗ್ಯಾರ ಕಾಳಪ್ಪ ನೋಡಾಕ ಬಂದ.
ಮಾತಾಡಲಿಲ್ಲ. ಚೀಲದಿಂದ ರಸಮಟ್ಟ ತಗದು
ಮೂಡಣ ಮೂಲ್ಯಾಗೇ ಇಟ್ಟ.
ಯಾರು ಹೇಳಿದ್ರೋ ಏನೋ ಅವಗ.
ಗುಳ್ಳಿ ಒಂದೀಟು ಆಡಿತು, ಆಡಿತು,
ನಟ್ಟನಡುವ ನಿಂತಿತು.

"ಎಷ್ಟ್ರಿ ಬಾಡಿಗಿ?"
"ಮೂರು ಸಾವಿರ" ಅಂದೆ,
ನಾಲಿಗಿ ತುದಿಗೆ ಬಂದಿದ್ದ ಇನ್ನೊಂದು ಇನ್ನೂರನ್ನ
ಎಲಿ ಅಡಕಿ ಜೋಡಿ ನುಂಗಿ.